ಬಸ್ಸಿಗೆ ವರ್ಷಕ್ಕೊಮ್ಮೆ ಎಫ್.ಸಿ., ಡ್ರೈವರಣ್ಣನ ಕಣ್ಣಿಗೆ ಐದು ವರ್ಷಕ್ಕೊಮ್ಮೆ!

ಸಾಗರದಲ್ಲೋ, ಹೊಸನಗರದಲ್ಲೋ, ತೀರ್ಥಹಳ್ಳಿಯಲ್ಲೋ ಬಸ್ ಹತ್ತುವಾಗ ನಾವು ಏನೇನು ನೋಡ್ತೇವೆ? ಬೋರ್ಡು ನೋಡ್ತೇವೆ. ಸೀಟು ಖಾಲಿ ಇದೆಯಾ ನೋಡ್ತೇವೆ. ಮಳೆಗಾಲವಾದರೆ ಮೇಲಿಂದ ನೀರು ಸೋರುತ್ತದೆಯಾ ಅಂತ ತಲೆ ಎತ್ತಿ ನೋಡ್ತೇವೆ. ಡ್ರೈವರನ್ನು ಮಾತ್ರ ಯಾರೂ ಸರಿಯಾಗಿ ನೋಡುವುದಿಲ್ಲ. ಖಾಕಿ ಅಂಗಿ, ಕೊರಳಿಗೆ ಟವೆಲ್ಲು, ಸ್ಟೇರಿಂಗಿನ ಮೇಲೆ ಎರಡು ಕೈ, ಅಷ್ಟು ಕಂಡರೆ ಸಾಕು. ಉಳಿದದ್ದನ್ನು ಆರ್‌ಟಿಒ ನೋಡಿಕೊಂಡಿರುತ್ತಾರೆ ಅಂತ ನಮ್ಮ ನಂಬಿಕೆ.

ಆರ್‌ಟಿಒ ಏನು ನೋಡುತ್ತದೆ, ಎಷ್ಟು ವರ್ಷಕ್ಕೊಮ್ಮೆ ನೋಡುತ್ತದೆ? ಅದನ್ನೇ ಇವತ್ತು ಸ್ವಲ್ಪ ಬಿಡಿಸಿ ನೋಡೋಣ. ಯಾಕೆಂದರೆ ಈ ಮೂರು ತಾಲ್ಲೂಕಿನ ಜನಕ್ಕೆ ಬಸ್ಸು ಬಿಟ್ಟರೆ ಗತಿಯಿಲ್ಲ. ರೈಲು ಅಂತ ಇರುವುದು ಸಾಗರದ ಕಡೆಯಿಂದ ತಾಳಗುಪ್ಪದ ತನಕ. ಹೊಸನಗರ ಪೇಟೆಗೂ ರೈಲಿಲ್ಲ, ತೀರ್ಥಹಳ್ಳಿ ಪೇಟೆಗೂ ರೈಲಿಲ್ಲ. ಕಾಲೇಜು ಹುಡುಗಿಯಿಂದ ಹಿಡಿದು ಆಸ್ಪತ್ರೆಗೆ ಹೊರಟ ಅಜ್ಜಿಯ ತನಕ ಎಲ್ಲರ ಜೀವವೂ ಡ್ರೈವರಣ್ಣನ ಎರಡು ಕಣ್ಣಿನ ಮೇಲೆ ನಿಂತಿದೆ.

ಗಾಡಿಗೊಂದು ನ್ಯಾಯ, ಓಡಿಸುವವನಿಗೊಂದು ನ್ಯಾಯ

ಮೊದಲು ಗಾಡಿಯ ಲೆಕ್ಕ. ಬಸ್ಸು, ಲಾರಿ, ಗೂಡ್ಸ್ ಟೆಂಪೊ, ಇವಕ್ಕೆಲ್ಲ ಎಫ್.ಸಿ. ಆಗಬೇಕು. ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ. ಎಂಟು ದಾಟಿತೋ, ಆಮೇಲೆ ಪ್ರತಿ ವರ್ಷ. ಗಾಡಿ ಹಳತಾದ ಹಾಗೆ ತಪಾಸಣೆ ಹತ್ತಿರ ಹತ್ತಿರ ಬರುತ್ತದೆ. ಸರಿಯಾದ ಮಾತು, ಹಳೇ ಗಾಡಿಯ ಬ್ರೇಕನ್ನು ಯಾರು ನಂಬುತ್ತಾರೆ? ಸರ್ಕಾರಿ ಬಸ್ಸಿಗಂತೂ ಆಯುಷ್ಯವೇ ನಿಗದಿ. 2023ರ ಏಪ್ರಿಲ್ 1ರಿಂದ 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿಯೇ ರದ್ದು. ಸಾರಿಗೆ ನಿಗಮಗಳ ಬಸ್ಸುಗಳೂ ಅದರಲ್ಲಿ ಸೇರಿವೆ.

ಇನ್ನು ಡ್ರೈವರಣ್ಣನ ಲೆಕ್ಕ. ಬಸ್ಸು-ಲಾರಿ ಓಡಿಸುವ ಲೈಸೆನ್ಸಿಗೆ 'ಟ್ರಾನ್ಸ್‌ಪೋರ್ಟ್' ಲೈಸೆನ್ಸು ಅಂತ ಹೆಸರು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. ಪ್ರತಿ ಸಲವೂ ಡಾಕ್ಟರ್ ಸರ್ಟಿಫಿಕೇಟು ಬೇಕು. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮೂರು ವರ್ಷ ಇದ್ದದ್ದು ಐದು ವರ್ಷವಾಯಿತು. ಆರ್‌ಟಿಒ ಬಾಗಿಲಿಗೆ ಅಲೆಯುವುದು ಕಮ್ಮಿಯಾಯ್ತು ಅಂತ ಡ್ರೈವರುಗಳು ಖುಷಿಪಟ್ಟರು. ಅದೂ ನ್ಯಾಯವೇ, ಒಂದು ದಿನದ ಕೂಲಿ ಬಿಟ್ಟು ಅಲೆಯುವ ಕಷ್ಟ ಅಲೆದವನಿಗೇ ಗೊತ್ತು. ಆದರೆ ಅದರ ಜೊತೆಗೆ ಕಣ್ಣು ಪರೀಕ್ಷೆಯೂ ಮೂರರಿಂದ ಐದು ವರ್ಷಕ್ಕೆ ಜಾರಿತು. ಆ ಮಾತನ್ನು ಯಾರೂ ಎತ್ತಲಿಲ್ಲ.

ತಮಾಷೆ ಇರುವುದು ಇಲ್ಲಿ ನೋಡಿ. ಸ್ವಂತ ಸ್ಕೂಟರು, ಸ್ವಂತ ಕಾರು ಓಡಿಸುವವನ ವಯಸ್ಸನ್ನು ಕಾನೂನು ಎಣಿಸುತ್ತದೆ. 30ರ ಒಳಗಿನವನಿಗೆ 40 ತುಂಬುವ ತನಕ ಲೈಸೆನ್ಸು. 30ರಿಂದ 50ರೊಳಗಿನವನಿಗೆ ಹತ್ತು ವರ್ಷ. 50ರಿಂದ 55ರೊಳಗಿನವನಿಗೆ 60 ಆಗುವ ತನಕ. 55 ದಾಟಿದವನಿಗೆ ಐದೈದೇ ವರ್ಷ. ವಯಸ್ಸು ಏರಿದ ಹಾಗೆ ಅವಧಿ ಇಳಿಯುತ್ತದೆ. ಐವತ್ತು ಜನರನ್ನು ಕೂರಿಸಿಕೊಂಡು ಹೋಗುವ ಬಸ್ ಡ್ರೈವರಿಗೆ ಮಾತ್ರ ಈ ಎಣಿಕೆ ಇಲ್ಲ. 22ರ ಹುಡುಗನಿಗೂ ಐದು ವರ್ಷ, 68ರ ಹಿರಿಯನಿಗೂ ಅದೇ ಐದು ವರ್ಷ.

ಹಾಗಾಗಿ ಒಂಬತ್ತು ವರ್ಷದ ಬಸ್ಸು ವರ್ಷ ವರ್ಷವೂ ತಪಾಸಣೆಗೆ ನಿಲ್ಲಬೇಕು. ಅದನ್ನು ಓಡಿಸುವ 63 ವರ್ಷದ ಡ್ರೈವರು ಒಂದು ಸಲ ಸಹಿ ಮಾಡಿಸಿಕೊಂಡರೆ 68ರ ತನಕ ನಿಶ್ಚಿಂತೆ.

ಹತ್ತಲು ಮೆಟ್ಟಿಲುಂಟು, ಇಳಿಯಲು ಇಲ್ಲ

ಡ್ರೈವರಾಗಲು ವಯಸ್ಸಿನ ಮಿತಿ ಇಲ್ಲವೇ ಅಂತ ಕೇಳಿದರೆ, ಇದೆ. ಆದರೆ ಅದು ಕೆಳಗಿನ ಮಿತಿ. ಟ್ರಾನ್ಸ್‌ಪೋರ್ಟ್ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಇದು ಇವತ್ತಿನ ಮಾತಲ್ಲ, 1939ರ ಹಳೇ ಕಾಯ್ದೆಯಲ್ಲೂ 20 ವರ್ಷವೇ ಇತ್ತು. ಅದರ ಮೇಲೆ, ಲಘು ವಾಹನದ ಲೈಸೆನ್ಸು ಕೈಯಲ್ಲಿ ಹಿಡಿದು ಕನಿಷ್ಠ ಒಂದು ವರ್ಷ ಆಗಿರಬೇಕು. ಆಮೇಲಷ್ಟೇ ಟ್ರಾನ್ಸ್‌ಪೋರ್ಟ್ ಎಲ್ಎಲ್‌ಆರ್.

ಮಧ್ಯೆ ಓದಿನ ಮಿತಿ ಅಂತ ಇನ್ನೊಂದು ಇತ್ತು. ಎಂಟನೇ ಕ್ಲಾಸು ಪಾಸಾಗದವನಿಗೆ ಟ್ರಾನ್ಸ್‌ಪೋರ್ಟ್ ಲೈಸೆನ್ಸು ಇಲ್ಲ ಅಂತ. ಕ್ಲೀನರಾಗಿ ಬಸ್ಸು ಹತ್ತಿ, ನೈಟ್ ಹಾಲ್ಟ್ ಊರಿನಲ್ಲಿ ಬೆಳಗಿನ ಜಾವ ಗಾಡಿ ರಿವರ್ಸ್ ತೆಗೆಯುತ್ತಾ ಡ್ರೈವಿಂಗ್ ಕಲಿತ ಎಷ್ಟೋ ಹುಡುಗರಿಗೆ ಅದು ಅಡ್ಡಗಾಲಾಗಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಬಸ್ಸು ಓಡಿಸಲು ಬೇಕಾದ್ದು ಕೈಯ ಕಸಬು ಮತ್ತು ಕಣ್ಣು, ಮಾರ್ಕ್ಸ್ ಕಾರ್ಡಲ್ಲ ಅಂತ ಸರ್ಕಾರಕ್ಕೂ ಕಡೆಗೆ ತಿಳಿಯಿತು.

ಮೇಲಿನ ಮಿತಿ? ಕಾಯ್ದೆಯನ್ನು ಮೊದಲಿಂದ ಕೊನೆ ತನಕ ತಿರುವಿ ಹಾಕಿದರೂ ಸಿಗುವುದಿಲ್ಲ. ಇಷ್ಟು ವರ್ಷವಾದ ಮೇಲೆ ಬಸ್ಸು-ಲಾರಿ ಮುಟ್ಟಬೇಡ ಅಂತ ಎಲ್ಲೂ ಬರೆದಿಲ್ಲ. ಕೆಎಸ್ಸಾರ್ಟಿಸಿ ಡ್ರೈವರಿಗೆ 60ಕ್ಕೆ ನಿವೃತ್ತಿ ಇದೆ, ನಿಜ. ಆದರೆ ಅದು ನೌಕರಿಯ ಮಿತಿ, ಲೈಸೆನ್ಸಿನ ಮಿತಿ ಅಲ್ಲ. ಹಾರ ಹಾಕಿಸಿಕೊಂಡು, ಶಾಲು ಹೊದ್ದು, ಡಿಪೋದಿಂದ ಮನೆಗೆ ಬಂದವರು ಲೈಸೆನ್ಸು ಚಾಲ್ತಿಯಲ್ಲಿದ್ದರೆ ಮಾರನೇ ದಿನವೇ ಖಾಸಗಿ ಬಸ್ಸೋ ಲಾರಿಯೋ ಹತ್ತಬಹುದು. ಕಾನೂನು ಬೇಡ ಅನ್ನುವುದಿಲ್ಲ.

ಹಾಗಂತ 60 ದಾಟಿದವರೆಲ್ಲ ಸ್ಟೇರಿಂಗ್ ಬಿಡಬೇಕು ಅಂತ ಹೇಳಿದರೆ ಅದೂ ಅನ್ಯಾಯ. ನಲವತ್ತು ವರ್ಷ ಘಾಟಿ ಹತ್ತಿಳಿದವನಿಗೆ ಯಾವ ತಿರುವಿನಲ್ಲಿ ಎಷ್ಟನೇ ಗೇರು, ಎಲ್ಲಿ ದನ ಅಡ್ಡ ಬರುತ್ತದೆ, ಎಲ್ಲಿ ಮಳೆಗೆ ಮಣ್ಣು ಜಾರುತ್ತದೆ ಎಲ್ಲ ಬಾಯಿಪಾಠ. ಆತುರವಿಲ್ಲ, ಓವರ್‌ಟೇಕಿನ ಚಟವಿಲ್ಲ. ಪ್ರಶ್ನೆ ವಯಸ್ಸಿನದ್ದಲ್ಲ. ಆ ವಯಸ್ಸಿನಲ್ಲಿ ಕಣ್ಣು, ಕಿವಿ, ಕೈಕಾಲು ಹೇಗಿದೆ ಅಂತ ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಅನ್ನುವುದೇ ಪ್ರಶ್ನೆ.

ಫಾರಂ 1-ಎ ಎಂಬ ಒಂದು ಹಾಳೆ

ನೋಡುವುದಕ್ಕೆ ಅಂತ ಸರ್ಕಾರ ಇಟ್ಟಿರುವುದು ಒಂದು ಹಾಳೆ. ಹೆಸರು ಫಾರಂ 1-ಎ. ಸರ್ಕಾರ ಗೊತ್ತು ಮಾಡಿದ ಡಾಕ್ಟರು ಅದನ್ನು ತುಂಬಿ ಸಹಿ ಹಾಕಬೇಕು. ಅದರಲ್ಲಿರುವ ಪ್ರಶ್ನೆಗಳು ಒಳ್ಳೆಯವೇ. ಕಣ್ಣಿನ ದೋಷ ಇದೆಯೇ, ಇದ್ದರೆ ಕನ್ನಡಕದಿಂದ ಸರಿಹೋಗಿದೆಯೇ? ತೀವ್ರ ಬಣ್ಣಗುರುಡು ಇದೆಯೇ? ಇರುಳುಗುರುಡು ಇದೆಯೇ? ಹಾರನ್ ಕೇಳದಷ್ಟು ಕಿವುಡೇ? ಕೈಕಾಲಿನ ಊನ ಏನಾದರೂ ಇದೆಯೇ? ಮತ್ತೆ ಒಂದು ಮುಖ್ಯ ಪ್ರಶ್ನೆ: ಒಳ್ಳೆ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ?

ಇದರ ಜೊತೆಗೆ ಫಾರಂ 1 ಅಂತ ಇನ್ನೊಂದಿದೆ. ಅದನ್ನು ಡ್ರೈವರೇ ತುಂಬಬೇಕು. ಮೂರ್ಛೆ ರೋಗ ಇದೆಯಾ, ತಲೆಸುತ್ತು ಬರುತ್ತಾ, ರಾತ್ರಿ ಕಣ್ಣು ಕಾಣಲ್ವಾ ಅಂತ ಅವನನ್ನೇ ಕೇಳುತ್ತಾರೆ. ಎದುರಿಗೆ ಹೌದು, ಇಲ್ಲ. 'ಹೌದು' ಅಂತ ಬರೆದರೆ ಅನ್ನ ಹೋಗುತ್ತದೆ. 'ಇಲ್ಲ' ಅಂತ ಬರೆದರೆ ಗಾಡಿ ಹೊರಡುತ್ತದೆ. ನೀವೇ ಹೇಳಿ ಮಾರಾಯ್ರೆ, ಮನೆಯಲ್ಲಿ ಹೆಂಡತಿ ಮಕ್ಕಳಿರುವವನು ಯಾವುದಕ್ಕೆ ಟಿಕ್ ಹಾಕ್ತಾನೆ?

25 ಮೀಟರ್ ಲೆಕ್ಕವನ್ನೂ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. 25 ಮೀಟರ್ ಅಂದರೆ ಎರಡು ಸೆಕೆಂಡು ಚಿಲ್ಲರೆ. ಅದೂ ಒಳ್ಳೆ ಹಗಲು ಬೆಳಕಿನಲ್ಲಿ! ಜುಲೈ ತಿಂಗಳ ಸಂಜೆ ಐದು ಗಂಟೆಗೆ ನಗರ-ಮಾಸ್ತಿಕಟ್ಟೆ ಕಡೆ ಎಷ್ಟು ಬೆಳಕಿರುತ್ತದೆ ಅಂತ ಅಲ್ಲಿಯ ಜನಕ್ಕೆ ಹೇಳಿಕೊಡಬೇಕೆ?

ನಮ್ಮ ರಸ್ತೆ, ಅರವತ್ತರ ಕಣ್ಣು

ಬಯಲುಸೀಮೆಯ ನೇರ ರಸ್ತೆಯ ಹಾಗಲ್ಲ ನಮ್ಮದು. ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟರೆ ಆಗುಂಬೆ ಘಾಟಿ, ಒಂದರ ಮೇಲೊಂದು 14 ಹೇರ್‌ಪಿನ್ ತಿರುವು. ಹೊಸನಗರದಿಂದ ಕುಂದಾಪುರಕ್ಕೆ ಇಳಿದರೆ ಹುಲಿಕಲ್ ಘಾಟಿ, ಹಳಬರ ಬಾಯಲ್ಲಿ ಬಾಳೆಬರೆ. ಸಾಗರದಿಂದ ಹೊನ್ನಾವರಕ್ಕೆ ಹೋದರೆ ಗೇರುಸೊಪ್ಪೆ ಘಾಟಿ. ಯಾವ ಕಡೆ ಸಮುದ್ರಕ್ಕೆ ಇಳಿಯಬೇಕೆಂದರೂ ಮಂಜು, ಮಳೆ, ತಿರುವು.

ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡಬಾರದು ಅಂತ ತಡೆ ಹಾಕುತ್ತಾ ಬಂದಿದ್ದಾರೆ. ತಿರುವು ಇಕ್ಕಟ್ಟು, ರಸ್ತೆ ತಾಳುವುದಿಲ್ಲ, ಅದಕ್ಕೇ ಮಿನಿ ಬಸ್ಸು. ಒಳ್ಳೆಯದೇ. ಗಾಡಿಯ ಉದ್ದ ಎಷ್ಟು, ತೂಕ ಎಷ್ಟು ಅಂತ ಅಳೆಯುವ ನಾವು, ಓಡಿಸುವವನ ಕಣ್ಣಿನ ಪವರ್ ಎಷ್ಟು ಅಂತ ಕೇಳಿದವರಲ್ಲ.

ವಯಸ್ಸಾದ ಕಣ್ಣಿನ ವಿಷಯ ಡಾಕ್ಟರುಗಳು ಬಹಳ ಕಾಲದಿಂದ ಹೇಳುತ್ತಾ ಬಂದದ್ದು ಇಷ್ಟು. ವಯಸ್ಸು ಏರಿದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಮಬ್ಬಾಗುತ್ತದೆ. 20ರ ಹರೆಯದವನ ಕಣ್ಣಿಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60ರವನ ಕಣ್ಣೊಳಗೆ ಮುಟ್ಟುತ್ತದೆ. ಪೊರೆ ಶುರುವಾದರೆ ಎದುರು ಗಾಡಿಯ ಹೆಡ್‌ಲೈಟು ಚಕ್ರದ ಹಾಗೆ ಹರಡಿಕೊಂಡು ಕಾಣುತ್ತದೆ. ಹಗಲು ಪೇಪರು ಓದಬಲ್ಲವನೇ ರಾತ್ರಿ ಲೈಟಿಗೆ ಕಣ್ಣು ಕುಕ್ಕಿ ಎರಡು ಕ್ಷಣ ಏನೂ ಕಾಣದೆ ಹೋಗಬಹುದು. ಈಗಿನ ಬಿಳಿ ಎಲ್ಇಡಿ ಲೈಟಿನ ಕಾಟ ಬೇರೆ.

ಒಂದು ಸಮಾಧಾನದ ಸಂಗತಿಯೂ ಇದೆ. ಪೊರೆ ಅನ್ನುವುದು ಹೋದ ಕಣ್ಣಲ್ಲ. ಆಪರೇಶನ್ ಮಾಡಿ ಒಳಗೆ ಲೆನ್ಸ್ ಹಾಕಿದರೆ ಮತ್ತೆ ಕಾಣುತ್ತದೆ. ಅಂಧತ್ವ ನಿಯಂತ್ರಣಕ್ಕೆ ಅಂತ 1976ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ನಡೆಯುತ್ತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಆಪರೇಶನ್ನಿಗೆ ದುಡ್ಡು ಕೊಡಬೇಕಾಗಿಲ್ಲ. ಎಷ್ಟೋ ಡ್ರೈವರುಗಳು ಸಮಯಕ್ಕೆ ಸರಿಯಾಗಿ ಕಣ್ಣು ತೋರಿಸಿದರೆ ಕೆಲಸ ಬಿಡಬೇಕಾದ ಪ್ರಮೇಯವೇ ಬರುವುದಿಲ್ಲ. ಆದರೆ ತೋರಿಸಲು ಹೋದರೆ ಸುದ್ದಿ ಮಾಲೀಕರ ಕಿವಿಗೆ ಬಿದ್ದೀತು ಅನ್ನುವ ಭಯ. ಆ ಭಯದಲ್ಲಿ ಕಣ್ಣೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ತಾಳಗುಪ್ಪದ ರೈಲು ನೋಡಿ ಕಲಿಯಬೇಕು

ಇದಕ್ಕೆ ದಾರಿಯೇ ಇಲ್ಲವೇ ಅಂದರೆ, ದಾರಿ ಸಾಗರದ ಮೇಲೇ ಓಡಾಡುತ್ತಿದೆ. ತಾಳಗುಪ್ಪಕ್ಕೆ ಬರುವ ರೈಲಿನ ಎಂಜಿನ್ ಓಡಿಸುವವರಿಗೆ ರೈಲ್ವೆಯಲ್ಲಿ ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ ಕಡ್ಡಾಯ. ವಯಸ್ಸು ಏರಿದ ಹಾಗೆ ಅದು ಹತ್ತಿರ ಬರುತ್ತದೆ. 55 ದಾಟಿದ ಮೇಲೆ ನಿವೃತ್ತಿಯ ತನಕ ಪ್ರತಿ ವರ್ಷ. ಪಾಸಾಗದೆ ಹೋದರೆ ಎಂಜಿನ್ ಹತ್ತುವ ಹಾಗಿಲ್ಲ. ಆದರೆ ಮನೆಗೂ ಕಳಿಸುವುದಿಲ್ಲ. ಅವರನ್ನು ಎಂಜಿನ್ ಕೆಲಸದಿಂದ ತೆಗೆದು ಬೇರೆ ಕೆಲಸಕ್ಕೆ ಹಾಕುತ್ತಾರೆ. ರೈಲ್ವೆಯವರ ಬಾಯಲ್ಲಿ ಅದಕ್ಕೆ 'ಡಿಕ್ಯಾಟಗರೈಸ್' ಅಂತ ಹೆಸರು. ಕೆಲಸ ಬದಲಾಗುತ್ತದೆ, ಅನ್ನ ನಿಲ್ಲುವುದಿಲ್ಲ. ಅದಕ್ಕೇ ರೈಲ್ವೆಯವನು ಕಣ್ಣು ಮುಚ್ಚಿಡಬೇಕಾದ ಅಗತ್ಯ ಕಮ್ಮಿ.

ಗಮನಿಸಿ, ರೈಲಿಗೆ ಹಳಿ ಇದೆ, ಸಿಗ್ನಲ್ ಇದೆ, ಎದುರಿಂದ ಟ್ರ್ಯಾಕ್ಟರು ಬರುವುದಿಲ್ಲ. ಅಲ್ಲೇ ವರ್ಷಕ್ಕೊಮ್ಮೆ ಪರೀಕ್ಷೆ ಬೇಕಾದರೆ, ಹುಲಿಕಲ್ ಘಾಟಿಯಲ್ಲಿ ಎದುರಿಗೆ ಲಾರಿ, ಪಕ್ಕಕ್ಕೆ ಪ್ರಪಾತ ಇಟ್ಟುಕೊಂಡು ಓಡಿಸುವವನಿಗೆ ಐದು ವರ್ಷಕ್ಕೊಮ್ಮೆ ಸಾಕೆ?

ಹೊರದೇಶದ ಮಾತೂ ಒಂದು ಇರಲಿ. ಇಂಗ್ಲೆಂಡಿನಲ್ಲಿ ಬಸ್ಸು-ಲಾರಿ ಡ್ರೈವರಿಗೆ 45 ಆದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ, ಡಾಕ್ಟರ್ ವರದಿ ಜೊತೆಗೆ. 65 ದಾಟಿದರೆ ಪ್ರತಿ ವರ್ಷ. ಅಲ್ಲೂ 'ಇಷ್ಟಕ್ಕೆ ಮುಗೀತು' ಅನ್ನುವ ಗೆರೆ ಎಳೆದಿಲ್ಲ. ಕಣ್ಣು ಕಾಲು ಗಟ್ಟಿ ಇದ್ದರೆ 70ರಲ್ಲೂ ಓಡಿಸಬಹುದು, ವರ್ಷ ವರ್ಷ ತೋರಿಸಿ ಓಡಿಸಬೇಕು ಅಷ್ಟೆ. ದೊಡ್ಡ ಗಾಡಿಯ ಹಕ್ಕು ಹೋದರೂ ಮನೆಯ ಕಾರು ಓಡಿಸುವ ಹಕ್ಕು ತಾನಾಗಿಯೇ ಹೋಗುವುದಿಲ್ಲ.

ಯಾಕೆ ಮುಚ್ಚಿಡ್ತಾರೆ?

ಸರ್ಕಾರಿ ಡ್ರೈವರಿಗೆ ಕಾನೂನಿನ ಆಸರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮು ಏನು ಹೇಳುತ್ತದೆ ಅಂದರೆ, ಸರ್ಕಾರಿ ಸಂಸ್ಥೆಯಲ್ಲಿ ಕೆಲಸದಲ್ಲಿರುವಾಗ ಅಂಗವಿಕಲತೆ ಬಂದವನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗೂ ಇಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳದ ಶ್ರೇಣಿಯಲ್ಲಿ ಬೇರೆ ಕೆಲಸ ಕೊಡಬೇಕು. ಹಿಂದಿನ 1995ರ ಕಾಯ್ದೆಯಲ್ಲೂ ಇದೇ ಮಾತಿತ್ತು.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತೆಲಂಗಾಣ ರಸ್ತೆ ಸಾರಿಗೆ ನಿಗಮದ ಒಬ್ಬ ಡ್ರೈವರಿಗೆ ಬಣ್ಣಗುರುಡು ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿ ನಿಗಮ ಅವರನ್ನು ಮನೆಗೆ ಕಳಿಸಿತ್ತು. ಕಾರ್ಮಿಕ ಸಂಘದ ಜೊತೆ 1979ರಲ್ಲೇ ಆದ ಒಪ್ಪಂದದಲ್ಲಿ ಇಂಥವರಿಗೆ ಬೇರೆ ಕೆಲಸ ಕೊಡಬೇಕು ಅಂತ ಇದೆಯಲ್ಲ, ಅದನ್ನು ಯಾಕೆ ಪಾಲಿಸಲಿಲ್ಲ ಅಂತ ಕೋರ್ಟು ಕೇಳಿತು. ಬೇರೆ ಕೆಲಸ ಕೊಡಿ ಅಂತ ಆದೇಶ ಮಾಡಿತು. ಡ್ರೈವಿಂಗಿಗೆ ಆಗದವನು ಡಿಪೋದ ಯಾವ ಕೆಲಸಕ್ಕೂ ಆಗುವುದಿಲ್ಲ ಅಂತ ಅರ್ಥವಲ್ಲ ಅನ್ನುವುದು ಅದರ ಸಾರ.

ಖಾಸಗಿ ಬಸ್ಸಿನ ಡ್ರೈವರಿಗೆ? ಅವನಿಗೆ ಡಿಪೋ ಇಲ್ಲ, 'ಬೇರೆ ಕೆಲಸ' ಇಲ್ಲ. ನಾಲ್ಕೈದು ಬಸ್ಸಿನ ಮಾಲೀಕರು ಕಣ್ಣು ಮಂಜಾದವನನ್ನು ಎಲ್ಲಿ ಕೂರಿಸುತ್ತಾರೆ? ಅವರದ್ದೂ ಕಷ್ಟ ಇದೆ. ಡೀಸೆಲ್ಲು, ಟೈರು, ಟ್ಯಾಕ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಓಡುವ ರೂಟಿನಲ್ಲಿ ಹೆಂಗಸರು ಟಿಕೆಟ್ಟಿಲ್ಲದ ಬಸ್ಸಿಗೇ ಹತ್ತುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಪಕ್ಕದ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ, ಡ್ರೈವರು ಕಂಡಕ್ಟರುಗಳೇ ಪಾಲುದಾರರಾಗಿದ್ದ ಸಂಸ್ಥೆ, 2020ರಲ್ಲಿ ನಷ್ಟ ತಾಳಲಾರದೆ ನಿಂತುಹೋಯಿತು. ಮಲೆನಾಡಿನ ಜನ ಅದನ್ನಿನ್ನೂ ಮರೆತಿಲ್ಲ.

ಪಿಂಚಣಿ ಲೆಕ್ಕವೂ ಕೇಳಿ. ಪಿ.ಎಫ್. ಕಟ್ಟಿಸಿಕೊಂಡಿದ್ದರೆ, ಹತ್ತು ವರ್ಷ ಸೇವೆ ಇದ್ದರೆ, 58ಕ್ಕೆ ಪಿಂಚಣಿ. 2014ರಲ್ಲಿ ಗೊತ್ತು ಮಾಡಿದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಪಿ.ಎಫ್. ಇಲ್ಲದವನಿಗೆ ಅದೂ ಇಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತ ಕರ್ನಾಟಕದಲ್ಲಿ 2024ರ ಕಾಯ್ದೆಯೊಂದು ಬಂದಿದೆ, ಅದರಡಿ ಮಂಡಳಿ ಇದೆ. ಖಾಸಗಿ ಬಸ್ಸು, ಲಾರಿ, ಟ್ಯಾಕ್ಸಿ ಡ್ರೈವರು, ಕ್ಲೀನರು, ಗ್ಯಾರೇಜಿನ ಕೆಲಸಗಾರರು ಹೆಸರು ನೋಂದಾಯಿಸಿಕೊಳ್ಳಬೇಕು. ಅಪಘಾತವಾದರೆ ಪರಿಹಾರ ಅಂತ ಇರುವುದು ಒಳ್ಳೆಯದೇ. ಆದರೆ ಅಪಘಾತ ಆಗುವುದಕ್ಕೆ ಮೊದಲೇ 'ನನಗೆ ರಾತ್ರಿ ಕಾಣ್ತಾ ಇಲ್ಲ' ಅಂತ ಹೇಳಿ ಸ್ಟೇರಿಂಗ್ ಬಿಟ್ಟವನಿಗೆ ಏನು? ಆ ಪ್ರಾಮಾಣಿಕನಿಗೂ ಒಂದು ಕೈಹಿಡಿಯುವ ಯೋಜನೆ ಬೇಕು.

ದೊಡ್ಡ ಗಾಡಿಯಿಂದ ಸಣ್ಣ ಗಾಡಿಗೆ

ಇಷ್ಟೆಲ್ಲ ಹೇಳಿದ ಮೇಲೆ, ಈಗಿರುವ ಕಾನೂನಿನಲ್ಲೇ ಇಳಿಯುವ ಒಂದು ಮೆಟ್ಟಿಲು ಇದೆ ಅನ್ನುವುದನ್ನೂ ಹೇಳಬೇಕು. ಬಹಳ ಜನರಿಗೆ ಇದು ಗೊತ್ತಿಲ್ಲ.

ಡ್ರೈವರಣ್ಣನ ಕಾರ್ಡು ತೆಗೆದು ನೋಡಿ. ಅದರಲ್ಲಿ ಎರಡು ತಾರೀಕು ಇರುತ್ತದೆ. 'ಎನ್‌ಟಿ' ಅಂದರೆ ಸ್ವಂತ ವಾಹನದ್ದು. 'ಟಿಆರ್' ಅಂದರೆ ಟ್ರಾನ್ಸ್‌ಪೋರ್ಟಿನದ್ದು. ಟಿಆರ್ ತಾರೀಕು ಮುಗಿದರೆ ಇಡೀ ಲೈಸೆನ್ಸು ಸತ್ತಿತು ಅಂತಲ್ಲ. ಎನ್‌ಟಿ ತಾರೀಕು ಮುಂದಿದ್ದರೆ ಲಘು ವಾಹನದ ಹಕ್ಕು ಉಳಿದಿರುತ್ತದೆ. ಬೇಕೆಂದೇ ದೊಡ್ಡ ಗಾಡಿಯ ದರ್ಜೆ ಬಿಟ್ಟುಕೊಡುತ್ತೇನೆ ಅಂದರೆ ಅದಕ್ಕೂ ಸಾರಥಿ ಪೋರ್ಟಲ್ಲಿನಲ್ಲಿ ಅರ್ಜಿ ಇದೆ. ಆ ಒಂದು ದರ್ಜೆ ಮಾತ್ರ ಬಿಟ್ಟುಕೊಟ್ಟು ಬಾಕಿ ಉಳಿಸಿಕೊಳ್ಳಬಹುದು. ಬಿಟ್ಟುಕೊಟ್ಟದ್ದರಲ್ಲಿ ಅವಮಾನ ಏನೂ ಇಲ್ಲ.

ಸಣ್ಣ ಗಾಡಿ ಅಂದರೆ ಬರೀ ಮನೆಯ ಕಾರು ಅಂದುಕೊಳ್ಳಬೇಡಿ. ಕಾಯ್ದೆಯ ಪ್ರಕಾರ 7,500 ಕಿಲೋ ತನಕದ ವಾಹನ 'ಲಘು ಮೋಟಾರು ವಾಹನ'. ಆ ತೂಕದೊಳಗಿನ ಗೂಡ್ಸ್ ಗಾಡಿ ಓಡಿಸಲು ಬೇರೆ ಟ್ರಾನ್ಸ್‌ಪೋರ್ಟ್ ದರ್ಜೆ ಬೇಕಾ ಬೇಡ್ವಾ ಅಂತ ಬಹಳ ವರ್ಷ ಜಗಳ ನಡೆದಿತ್ತು. ಇನ್ಶೂರೆನ್ಸ್ ಕಂಪನಿಗಳು ಬೇಕು ಅನ್ನುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು ಬೇಡ ಅಂದಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿ ಮಾಡಿತು. ಲಘು ವಾಹನದ ಲೈಸೆನ್ಸು ಇದ್ದರೆ 7,500 ಕಿಲೋ ಒಳಗಿನ ಬಾಡಿಗೆ ಗೂಡ್ಸ್ ಗಾಡಿಯನ್ನೂ ಓಡಿಸಬಹುದು.

ಇದರ ಅರ್ಥ ಏನು? 58 ವರ್ಷದ ಒಬ್ಬ ಡ್ರೈವರಣ್ಣನನ್ನು ಊಹಿಸಿಕೊಳ್ಳಿ. ರಾತ್ರಿ ಲೈನ್ ಬಸ್ಸು ಇನ್ನು ಆಗುವುದಿಲ್ಲ ಅಂತ ಅವನಿಗೇ ಗೊತ್ತಾಗಿದೆ. ಕನ್ನಡಕ ಹಾಕಿದರೆ ಹಗಲು ಚೆನ್ನಾಗಿ ಕಾಣುತ್ತದೆ. ಅವನು ದೊಡ್ಡ ಗಾಡಿಯ ದರ್ಜೆ ಬಿಟ್ಟು, ಹಗಲು ಹೊತ್ತು ಅಡಿಕೆ ಮಂಡಿಗೋ ಸಿಮೆಂಟ್ ಅಂಗಡಿಗೋ ಸಣ್ಣ ಗೂಡ್ಸ್ ಗಾಡಿ ಓಡಿಸಿಕೊಂಡು ಇನ್ನೂ ಐದಾರು ವರ್ಷ ದುಡಿಯಬಹುದು. ಐವತ್ತು ಜನರ ಜೀವದ ಹೊರೆ ತಲೆಯಿಂದ ಇಳಿಯುತ್ತದೆ, ಒಲೆಯೂ ಉರಿಯುತ್ತದೆ.

ಸ್ಕೂಲ್ ಬಸ್ಸಿಗೆ ಹೋಗುವವರು ಮಾತ್ರ ಎಚ್ಚರ. ದೊಡ್ಡ ಬಸ್ಸು ಆಗುವುದಿಲ್ಲ, ಮಕ್ಕಳ ಬಸ್ಸು ಹಗುರ ಅಂತ ಹೋಗುವುದು ಸರಿಯಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಪ್ರಕರಣವೊಂದರಲ್ಲಿ ಸ್ಕೂಲ್ ಬಸ್ಸಿಗೆ ಕನಿಷ್ಠ ಐದು ವರ್ಷ ಭಾರಿ ವಾಹನ ಓಡಿಸಿದ ಅನುಭವಸ್ಥನೇ ಬೇಕು ಅಂದಿತ್ತು. ಅನುಭವ ಬೇಕು ಅಂದರೆ ಕಣ್ಣು ಬೇಡ ಅಂತಲ್ಲ. ಮಕ್ಕಳ ಗಾಡಿಗೆ ಕಣ್ಣು ಇನ್ನೂ ಚುರುಕಾಗಿರಬೇಕು.

ಅಂಗಡಿಯವರೂ ಕಿವಿಗೊಡಿ

ಇದು ಡ್ರೈವರುಗಳ ಪಂಚಾಯ್ತಿ, ನಮಗೇನು ಅಂತ ಗಲ್ಲಾದ ಹಿಂದೆ ಕೂತವರು ಅಂದುಕೊಳ್ಳಬೇಡಿ. ನಿಮ್ಮ ಅಂಗಡಿಗೆ ಒಂದು ಲಾರಿಯೋ ಟೆಂಪೊವೋ ಇದ್ದರೆ ನೀವೂ ಮಾಲೀಕರೇ. ಚಾಲ್ತಿ ಲೈಸೆನ್ಸು ಇಲ್ಲದವನಿಗೆ ಗಾಡಿ ಕೊಟ್ಟರೆ 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಮಾಲೀಕನಿಗೆ ಮೂರು ತಿಂಗಳ ತನಕ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಇದೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ಶೂರೆನ್ಸಿನದ್ದು. ಲೈಸೆನ್ಸು ಸರಿಯಿಲ್ಲದ ಡ್ರೈವರು ಅಪಘಾತ ಮಾಡಿದರೆ, ಗಾಯಗೊಂಡವರಿಗೆ ಮೊದಲು ಕಂಪನಿ ಹಣ ಕೊಡಬೇಕು, ಆಮೇಲೆ ಎಚ್ಚರ ತಪ್ಪಿದ ಮಾಲೀಕನಿಂದ ವಸೂಲು ಮಾಡಬಹುದು ಅಂತ 2004ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಲಕ್ಷಗಟ್ಟಲೆ ಪರಿಹಾರ ಮಾಲೀಕನ ತಲೆಗೆ ಬಂದರೆ ಅಂಗಡಿಯೂ ಹೋಯ್ತು, ತೋಟವೂ ಹೋಯ್ತು.

ಹಿಂದೆ ಲೈಸೆನ್ಸಿನ ತಾರೀಕು ಮುಗಿದ ಮೇಲೂ 30 ದಿನ ಅದು ಚಾಲ್ತಿಯಲ್ಲಿರುತ್ತಿತ್ತು. 2019ರಲ್ಲಿ ಆ ರಿಯಾಯ್ತಿ ತೆಗೆದರು. ಈಗ ತಾರೀಕು ಮುಗಿದ ಮಾರನೇ ದಿನ ಗಾಡಿ ಮುಟ್ಟಿದರೂ ಲೈಸೆನ್ಸಿಲ್ಲದೆ ಓಡಿಸಿದ ಹಾಗೆ. ಅದಕ್ಕೆ ಬದಲಾಗಿ, ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷದೊಳಗೂ ಹಾಕಬಹುದು, ಆದರೆ ನವೀಕರಣ ಆಗುವ ತನಕ ಓಡಿಸುವ ಹಾಗಿಲ್ಲ. ಒಂದು ವರ್ಷ ದಾಟಿತೋ, ನಲವತ್ತು ವರ್ಷದ ಅನುಭವಸ್ಥನೂ ಹೊಸಬನ ಹಾಗೆ ಮತ್ತೆ ಟೆಸ್ಟ್ ಕೊಟ್ಟು ಪಾಸಾಗಬೇಕು. ಆದ್ದರಿಂದ ಇವತ್ತೇ ನಿಮ್ಮ ಡ್ರೈವರಿನ ಕಾರ್ಡು ಕೇಳಿ, ಟಿಆರ್ ತಾರೀಕು ನೋಡಿ, ಅಂಗಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಗೇ ವರ್ಷಕ್ಕೊಮ್ಮೆ ಕಣ್ಣು ತೋರಿಸಲು ಒಂದು ದಿನದ ಸಂಬಳ ಸಹಿತ ರಜೆ ಕೊಡಿ. ಕನ್ನಡಕದ ಖರ್ಚು ನಿಮ್ಮದೇ ಇರಲಿ. ಒಂದು ಟೈರಿನ ರೇಟಿಗಿಂತ ಅದು ಕಮ್ಮಿ.

ಆಗಬೇಕಾದ್ದು ಇಷ್ಟು

ಕಾನೂನಿನಲ್ಲಿ ಇನ್ನೊಂದು ಅಸ್ತ್ರವೂ ಇದೆ. ಯಾವುದೇ ಡ್ರೈವರು ಕಾಯಿಲೆಯಿಂದಲೋ ಊನದಿಂದಲೋ ಓಡಿಸಲು ಯೋಗ್ಯನಲ್ಲ ಅಂತ ನಂಬಲು ಕಾರಣವಿದ್ದರೆ ಲೈಸೆನ್ಸ್ ಅಧಿಕಾರಿ ಐದು ವರ್ಷ ಕಾಯಬೇಕಾಗಿಲ್ಲ. 16ನೇ ಕಲಮಿನ ಪ್ರಕಾರ ಯಾವಾಗ ಬೇಕಾದರೂ ಡಾಕ್ಟರ್ ಸರ್ಟಿಫಿಕೇಟು ಕೇಳಬಹುದು, ಲೈಸೆನ್ಸು ಹಿಂತೆಗೆದುಕೊಳ್ಳಬಹುದು. ಡ್ರೈವರಿಗೆ ಅನ್ಯಾಯವಾಯಿತು ಅನ್ನಿಸಿದರೆ 30 ದಿನದೊಳಗೆ ಮೇಲ್ಮನವಿ ಇದೆ. ಆದರೆ ಈ ಅಸ್ತ್ರ ಎತ್ತಿದರೆ ಒಬ್ಬನ ಅನ್ನ ಕಿತ್ತ ಹಾಗೆ ಅಂತ ಎಲ್ಲರಿಗೂ ಅಳುಕು. ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟರೆ ಮಾತ್ರ ಈ ತಟ್ಟೆ ತೆಗೆಯಲು ಧೈರ್ಯ ಬರುತ್ತದೆ.

ಆದ್ದರಿಂದ ಕೇಳಬೇಕಾದ್ದು ಮೂರೇ ಮಾತು. ಒಂದು, ಬಸ್ಸು-ಲಾರಿ ಡ್ರೈವರಿಗೆ 55 ದಾಟಿದ ಮೇಲೆ ರೈಲಿನವರ ಹಾಗೆ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ, ತಾಲ್ಲೂಕು ಆಸ್ಪತ್ರೆಯಲ್ಲೇ, ಬಿಟ್ಟಿಯಾಗಿ, ಕೂಲಿ ತಪ್ಪದ ಹಾಗೆ. ಎರಡು, ಪೊರೆ ಬಂದವನಿಗೆ ಮೊದಲು ಆಪರೇಶನ್ನು, ಆಮೇಲೆ ಲೈಸೆನ್ಸಿನ ತೀರ್ಮಾನ. ಮೂರು, ತಾನಾಗಿಯೇ ದೊಡ್ಡ ಗಾಡಿ ಬಿಟ್ಟ ಖಾಸಗಿ ಡ್ರೈವರಿಗೆ 2024ರ ಕಾಯ್ದೆಯ ಮಂಡಳಿಯಿಂದ ಸಣ್ಣ ಗಾಡಿ ಕೊಳ್ಳಲು ಸಹಾಯ, ಇಲ್ಲವೇ ಒಂದಷ್ಟು ತಿಂಗಳ ಆಸರೆ. ಇದರಲ್ಲಿ ಯಾವುದೂ ಆಕಾಶದ ಹಣ್ಣಲ್ಲ. ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಸೇತುವೆ ಕಟ್ಟಿ 2025ರ ಜುಲೈ 14ರಂದು ಉದ್ಘಾಟನೆ ಮಾಡಿದ ಸರ್ಕಾರಗಳಿಗೆ, ಅದರ ಮೇಲೆ ಬಸ್ಸು ಓಡಿಸುವವನಿಗೆ ವರ್ಷಕ್ಕೊಮ್ಮೆ ಅಕ್ಷರದ ಬೋರ್ಡು ಓದಿಸುವುದು ಕಷ್ಟವೇ?

ಅಲ್ಲಿಯ ತನಕ ಪ್ರಯಾಣಿಕರು ಮಾಡಬಹುದಾದ್ದು ಒಂದಿದೆ. ಟೈಮ್ ಕೀಪಿಂಗ್ ಅಂತ ಡ್ರೈವರಣ್ಣನ ಬೆನ್ನ ಹಿಂದೆ ನಿಂತು ಅವಸರ ಮಾಡಬೇಡಿ. ಕತ್ತಲಾದ ಮೇಲೆ, ಮಂಜು ಕವಿದ ಮೇಲೆ, ಅವನು ನಿಧಾನ ಮಾಡಿದರೆ ಗೊಣಗಬೇಡಿ. ಕನ್ನಡಕ ಹಾಕಿಕೊಂಡ ಡ್ರೈವರನ್ನು ಕಂಡು ಮುಖ ಸಿಂಡರಿಸಬೇಡಿ. ಹೆದರಬೇಕಾದ್ದು ಕನ್ನಡಕ ಬೇಕಾಗಿಯೂ ಹಾಕದೆ ಕೂತವನಿಗೆ.